ಶಾಸ್ತ್ರಕ್ಕೆ ವಿಜ್ಞಾನದ ಸರ್ಟಿಫಿಕೇಟ್ ಬೇಕಾಗಿಲ್ಲ: ಶಾಲೆ ನಡೆಸುವ ಮಠಗಳಿಗೆ ಮತ್ತು ಪ್ರವಚನಕಾರರಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಮಠಾಧೀಶರಿಗೆ, ಪ್ರವಚನಕಾರರಿಗೆ, ಶಾಲೆ-ಕಾಲೇಜು ನಡೆಸುತ್ತಿರುವ ಧಾರ್ಮಿಕ ಸಂಸ್ಥೆಗಳ ಆಡಳಿತ ಮಂಡಳಿಯವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಕೆಲಸ ಮಾಡುತ್ತಿರುವುದು ನಿಮ್ಮಂಥ ಒಂದು ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲೇ. ಈ ನಾಡಿನ ಎಷ್ಟೋ ಊರುಗಳಲ್ಲಿ ಬಡವರ ಮಕ್ಕಳಿಗೆ ಅಕ್ಷರ, ಅನ್ನ, ಮಲಗಲು ಒಂದು ಜಾಗ ಸಿಕ್ಕಿದ್ದು ಮಠಗಳಿಂದ. ನಾನು ಓದಿದ್ದೂ ಮಠದ ಹಾಸ್ಟೆಲಿನಲ್ಲಿದ್ದುಕೊಂಡೇ. ನಮ್ಮ ತಂದೆಯವರು ಪುರೋಹಿತರಾಗಿದ್ದರು, ಯುಗಾದಿಯ ದಿನ ಊರಿಗೆಲ್ಲ ಪಂಚಾಂಗ ಓದಿ ಹೇಳುತ್ತಿದ್ದರು. ನನ್ನ ಮನೆಯಲ್ಲಿ ಈಗಲೂ ದಿನಾ ದೀಪ ಹಚ್ಚುತ್ತೇನೆ. ಇಷ್ಟನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ಬರೆಯುವುದನ್ನು ಓದಿ, ಇವರು ಧರ್ಮದ ವಿರೋಧಿ ಎಂದು ಪತ್ರ ಮಡಚಿಡಬೇಡಿ ಎಂಬ ಕೋರಿಕೆ ಅದು.

ನನ್ನ ದೂರು ಇದು. ಕೆಲವು ವರ್ಷಗಳಿಂದ ನಮ್ಮ ಶಾಲೆಗಳ ವೇದಿಕೆಯ ಮೇಲೆ, ವಾರ್ಷಿಕೋತ್ಸವದಲ್ಲಿ, ಕಡೆಗೆ ಫೆಬ್ರವರಿ 28ರ ವಿಜ್ಞಾನ ದಿನದಂದೂ ಒಂದೇ ಬಗೆಯ ಭಾಷಣ ಕೇಳಿಸುತ್ತಿದೆ. ಬೆಳಕಿನ ವೇಗ ಋಗ್ವೇದದಲ್ಲಿದೆ. ವಿಮಾನ ಕಟ್ಟುವ ವಿಧಾನವನ್ನು ಭರದ್ವಾಜರು ಬರೆದಿಟ್ಟಿದ್ದಾರೆ. ಭೂಮಿಯ ವಯಸ್ಸು ಪುರಾಣದಲ್ಲಿದೆ. ದಶಾವತಾರವೇ ಡಾರ್ವಿನ್ ಹೇಳಿದ ವಿಕಾಸ. ಪಾಶ್ಚಾತ್ಯರು ಈಗ ಕಂಡುಹಿಡಿಯುತ್ತಿರುವುದೆಲ್ಲ ನಮಗೆ ಮೊದಲೇ ಗೊತ್ತಿತ್ತು. ಮಾತು ಮುಗಿಯುವಷ್ಟರಲ್ಲಿ ಸಭಾಂಗಣದ ತುಂಬ ಚಪ್ಪಾಳೆ.

ಅಂಥ ಒಂದು ಕಾರ್ಯಕ್ರಮದಲ್ಲಿ ನಾನೂ ಇದ್ದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, 'ಗುರುಗಳೇ, ಬೆಳಕಿನ ವೇಗ ಹೇಳೋದು ಯಾವ ಮಂತ್ರ? ನಾವೂ ಓದಬಹುದಾ?' ಎಂದು ಕೇಳಿದಳು. ಅವಳ ದನಿಯಲ್ಲಿ ತಕರಾರು ಇರಲಿಲ್ಲ, ಆಸೆ ಇತ್ತು. ಭಾಷಣ ಮಾಡಿದವರು ಮಂತ್ರ ಹೇಳಲಿಲ್ಲ. ಶ್ರದ್ಧೆ ಇಲ್ಲದವರಿಗೆ ಇದು ದಕ್ಕುವುದಿಲ್ಲ ಎಂದರು. ಮಕ್ಕಳೆಲ್ಲ ಅವಳ ಕಡೆ ತಿರುಗಿ ನೋಡಿದರು. ಅವಳು ಕೂತುಬಿಟ್ಟಳು. ಮರುದಿನ ಸ್ಟಾಫ್ ರೂಮಿಗೆ ಬಂದು, 'ಮಿಸ್, ಕೇಳಿದ್ದು ತಪ್ಪಾಯ್ತಾ?' ಅಂದಳು.

ತಪ್ಪಾಗಲಿಲ್ಲ. ಅವಳು ಕೇಳಿದ್ದು ಈ ವಿಷಯದಲ್ಲಿ ಯಾರೂ ಮೊದಲು ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ನಾನು ಮೂಲ ಗ್ರಂಥಗಳನ್ನು, ಅವುಗಳ ಅನುವಾದಗಳನ್ನು ಓದಿದೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಬೆಳಕಿನ ವೇಗದಿಂದಲೇ ಶುರು ಮಾಡೋಣ. ಋಗ್ವೇದದ ಮೊದಲ ಮಂಡಲದ 50ನೇ ಸೂಕ್ತ ಸೂರ್ಯನ ಸ್ತುತಿ. ಅದರ ನಾಲ್ಕನೇ ಮಂತ್ರ ಸೂರ್ಯನನ್ನು ವೇಗವಾಗಿ ಸಾಗುವವನು, ಎಲ್ಲರಿಗೂ ಕಾಣುವವನು, ಬೆಳಕು ಮಾಡುವವನು ಎನ್ನುತ್ತದೆ. ಮಂತ್ರದಲ್ಲಿ ಸಂಖ್ಯೆಯೇ ಇಲ್ಲ. ಸಂಖ್ಯೆ ಬರುವುದು 14ನೇ ಶತಮಾನದ ಸಾಯಣಾಚಾರ್ಯರ ಭಾಷ್ಯದಲ್ಲಿ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ನಮ್ಮದೇ ನೆಲದಲ್ಲಿ ಕೂತು ನಾಲ್ಕೂ ವೇದಗಳಿಗೆ ಭಾಷ್ಯ ಬರೆಸಿದ, ಬರೆದ ದೊಡ್ಡ ವಿದ್ವಾಂಸರು ಅವರು. ಅರ್ಧ ನಿಮಿಷದಲ್ಲಿ (ಇದು ಗಡಿಯಾರದ ನಿಮಿಷವಲ್ಲ, ಕಣ್ಣು ಮಿಟುಕಿಸುವ ಹೊತ್ತು) 2,202 ಯೋಜನ ಸಾಗುವ ಸೂರ್ಯನೇ ನಿನಗೆ ನಮಸ್ಕಾರ ಎಂಬ ಒಂದು ಶ್ಲೋಕವನ್ನು ಅವರು ಅಲ್ಲಿ ಉದಾಹರಿಸುತ್ತಾರೆ. ಹೀಗೆಂದು ಸ್ಮೃತಿಯಲ್ಲಿದೆ ಎಂದು ಪ್ರಾಮಾಣಿಕವಾಗಿ ಹೇಳಿಯೇ ಉದಾಹರಿಸುತ್ತಾರೆ. ಶ್ಲೋಕ ನಮಸ್ಕರಿಸುವುದು ಆಕಾಶದಲ್ಲಿ ಓಡುವ ಸೂರ್ಯನಿಗೆ. ಬೆಳಕು ಇಷ್ಟು ವೇಗದಲ್ಲಿ ಹೋಗುತ್ತದೆ ಎಂದು ಅದು ಹೇಳುತ್ತಿಲ್ಲ.

ಇರಲಿ, ಬೆಳಕು ಅಂತಲೇ ಇಟ್ಟುಕೊಂಡು ಲೆಕ್ಕ ಹಾಕೋಣ. ಒಂದು ಯೋಜನ ಎಂದರೆ ಎಷ್ಟು? ಸೂರ್ಯಸಿದ್ಧಾಂತದ ಪ್ರಕಾರ ಭೂಮಿಯ ವ್ಯಾಸ 1,600 ಯೋಜನ. ಹಾಗಾದರೆ ಒಂದು ಯೋಜನ ಸುಮಾರು 8 ಕಿಲೋಮೀಟರ್. ಆರ್ಯಭಟರ ಪ್ರಕಾರ ವ್ಯಾಸ 1,050 ಯೋಜನ. ಆಗ ಒಂದು ಯೋಜನ 12 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮಿಷ ಎಂದರೆ ಎಷ್ಟು? ವಿಷ್ಣುಪುರಾಣ 15 ನಿಮಿಷಕ್ಕೆ ಒಂದು ಕಾಷ್ಠಾ (ಕಾಲದ ಒಂದು ಹಳೆಯ ಅಳತೆ) ಎನ್ನುತ್ತದೆ, ಮನುಸ್ಮೃತಿ 18 ಎನ್ನುತ್ತದೆ. ಈ ಎರಡೆರಡು ಅಳತೆಗಳನ್ನು ಜೋಡಿಸಿದರೆ ನಾಲ್ಕು ಉತ್ತರ ಸಿಗುತ್ತವೆ. ಸೆಕೆಂಡಿಗೆ ಸುಮಾರು 1,64,000 ಕಿಲೋಮೀಟರ್, 1,97,000, 2,50,000, ಮತ್ತು 3,00,000. ಕೊನೆಯದು ಈಗ ನಮಗೆ ಗೊತ್ತಿರುವ 2,99,792ಕ್ಕೆ ತುಂಬಾ ಹತ್ತಿರ. ಆದರೆ ನಾಲ್ಕರಲ್ಲಿ ಅದನ್ನೇ ಆರಿಸಿಕೊಳ್ಳಬೇಕೆಂದು ನಮಗೆ ಹೇಳಿದ್ದು ಯಾರು? ಯಾವ ಶಾಸ್ತ್ರವೂ ಹೇಳಲಿಲ್ಲ. ಉತ್ತರ ಮೊದಲೇ ಗೊತ್ತಿದ್ದವರು ಅದಕ್ಕೆ ಒಪ್ಪುವ ಅಳತೆಯನ್ನು ಆಮೇಲೆ ಹುಡುಕಿದರು, ಅಷ್ಟೇ. ನನ್ನ ವಿದ್ಯಾರ್ಥಿ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಹೀಗೆ ಉತ್ತರ ನೋಡಿಕೊಂಡು ಅಳತೆ ಬರೆದರೆ ನಾನು ಅಂಕ ಕೊಡುವುದಿಲ್ಲ.

1676ರಲ್ಲಿ ಡೆನ್ಮಾರ್ಕಿನ ರೋಮರ್ ಗುರುಗ್ರಹದ ಉಪಗ್ರಹ ಅಯೋ ಗ್ರಹಣಕ್ಕೆ ಸಿಗುವ ಹೊತ್ತು ಹಿಂದುಮುಂದಾಗುವುದನ್ನು ಗಮನಿಸಿ, ಬೆಳಕು ಬರಲು ಸಮಯ ಹಿಡಿಯುತ್ತದೆ ಎಂದರು. ಆ ಲೆಕ್ಕದಿಂದ ಬಂದ ವೇಗ ಸೆಕೆಂಡಿಗೆ ಸುಮಾರು 2,20,000 ಕಿಲೋಮೀಟರ್. ಅದು ತಪ್ಪು ಸಂಖ್ಯೆಯೇ. ಆದರೆ ಏನು ನೋಡಿದರು, ಹೇಗೆ ಲೆಕ್ಕ ಹಾಕಿದರು ಎಂಬುದು ಎಲ್ಲರ ಮುಂದಿತ್ತು. ಹಾಗಾಗಿ ಮುಂದಿನವರು ತಿದ್ದಲು ಸಾಧ್ಯವಾಯಿತು. ಮಕ್ಕಳಿಗೆ ನಾನು ಕಲಿಸಬೇಕಾದ ವಿಜ್ಞಾನ ಇದು. ಬರೀ ಸಂಖ್ಯೆ ಹೊಂದಿಕೆಯಾದರೆ ಅದು ವಿಜ್ಞಾನ ಆಗುವುದಿಲ್ಲ.

ವಿಮಾನದ ಮಾತು ಇನ್ನೂ ಹತ್ತಿರದ್ದು. ವೈಮಾನಿಕ ಶಾಸ್ತ್ರ ಎಂಬ ಗ್ರಂಥ ಭರದ್ವಾಜ ಮಹರ್ಷಿಗಳದ್ದು ಎಂದು ಹೇಳುತ್ತಾರಲ್ಲ, ಅದನ್ನು ಹೇಳಿ ಬರೆಸಿದವರು ಬೆಂಗಳೂರಿನ ಬಳಿಯ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಇಂಗ್ಲಿಷಿಗೆ ಹೋಗಿದ್ದು ಮೈಸೂರಿನಿಂದ, 1973ರಲ್ಲಿ. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಸಾಲುಸಾಲಾಗಿ ಪರಿಶೀಲಿಸಿ ಲೇಖನ ಬರೆದರು. ಅವರು ಗ್ರಂಥವನ್ನು ಓದದೆ ತಳ್ಳಿಹಾಕಲಿಲ್ಲ. ಭಾಷೆ ನೋಡಿದರು, ಛಂದಸ್ಸು ನೋಡಿದರು, ಶಾಸ್ತ್ರಿಗಳ ಬದುಕಿನ ವಿವರ ಹುಡುಕಿದರು, ಚಿತ್ರಗಳಲ್ಲಿರುವ ಶಕುನ, ಸುಂದರ, ರುಕ್ಮ ವಿಮಾನಗಳು ಹಾರಬಲ್ಲವೇ ಎಂದು ಲೆಕ್ಕ ಹಾಕಿದರು. ಸಂಸ್ಕೃತ ಹೊಸಗಾಲದ್ದು, ವೇದಕಾಲದ್ದಲ್ಲ. ಗ್ರಂಥ 1904ಕ್ಕಿಂತ ಹಿಂದಿನದಲ್ಲ. ಚಿತ್ರಗಳನ್ನು ಬರೆದದ್ದು ಇಲ್ಲಿನದೇ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ನಕ್ಷೆಗಾರ, 1920ರ ದಶಕದಲ್ಲಿ. ಆ ವಿಮಾನಗಳು ಹಾರುವುದಿಲ್ಲ. ಇದು ಅವರ ತೀರ್ಮಾನ. ಇಷ್ಟಾದ ಮೇಲೂ 2015ರ ಜನವರಿಯಲ್ಲಿ ಮುಂಬೈಯ ಭಾರತೀಯ ವಿಜ್ಞಾನ ಸಮಾವೇಶದಲ್ಲಿ ಇದೇ ಗ್ರಂಥ ಆಧರಿಸಿ ಪ್ರಬಂಧ ಓದಲಾಯಿತು. 2019ರಲ್ಲಿ ಜಲಂಧರದ ಸಮಾವೇಶದಲ್ಲಿ ಒಬ್ಬ ಕುಲಪತಿಗಳೇ ಕೌರವರು ಪ್ರನಾಳ ಶಿಶುಗಳು ಎಂದರು. ಅಲ್ಲಿ ಆಡಿದ ಮಾತು ವಾರದೊಳಗೆ ನಮ್ಮ ಶಾಲೆಯ ವೇದಿಕೆಗೆ ಬರುತ್ತದೆ.

ಭೂಮಿಯ ವಯಸ್ಸಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಇದನ್ನು ನಂಬುವವರಲ್ಲಿ ಓದಿದವರೇ ಹೆಚ್ಚು. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, 432 ಕೋಟಿ ವರ್ಷ. ವಿಜ್ಞಾನ ಹೇಳುವ ಭೂಮಿಯ ವಯಸ್ಸು 454 ಕೋಟಿ. ಹತ್ತಿರ ಇದೆ, ಅಲ್ವಾ? ಆದರೆ ನಮ್ಮ ಪುರೋಹಿತರು ಪ್ರತಿ ಪೂಜೆಗೂ ಮೊದಲು ಹೇಳುವ ಸಂಕಲ್ಪವನ್ನು ನೆನಪಿಸಿಕೊಳ್ಳಿ. ಶ್ವೇತವರಾಹ ಕಲ್ಪೇ, ವೈವಸ್ವತ ಮನ್ವಂತರೇ, ಅಷ್ಟಾವಿಂಶತಿತಮೇ ಕಲಿಯುಗೇ. ಈ ಕಲ್ಪ ಇನ್ನೂ ಮುಗಿದಿಲ್ಲ. ಹದಿನಾಲ್ಕು ಮನುಗಳಲ್ಲಿ ಈಗ ಏಳನೆಯವನ ಕಾಲ. ಲೆಕ್ಕ ಹಾಕಿದರೆ ಕಲ್ಪ ಶುರುವಾಗಿ ಆಗಿರುವುದು ಸುಮಾರು 197 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು ಭೂವೈಜ್ಞಾನಿಕ ಸರ್ವೇಕ್ಷಣಾಲಯ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಶಾಸ್ತ್ರದ ಸಂಖ್ಯೆಯನ್ನು ವಿಜ್ಞಾನದ ಸಂಖ್ಯೆ ಎಂದು ನಾವೇ ಸಾರಿದರೆ, ಲಾಲ್‌ಬಾಗಿನ ಆ ಬಂಡೆ ಸೃಷ್ಟಿಗಿಂತ ಮೊದಲೇ ಇತ್ತು ಎಂದು ಒಪ್ಪಬೇಕಾಗುತ್ತದೆ.

ಇನ್ನೊಂದು ವಿಷಯ. 1930ರ ಸುಮಾರಿಗೆ ಖಗೋಳ ವಿಜ್ಞಾನಿ ಹಬಲ್ ಅವರ ಅಳತೆಗಳಿಂದ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಎಂದು ಬರುತ್ತಿತ್ತು. ಅಂದು ಯಾರಾದರೂ ವೇದಿಕೆ ಹತ್ತಿ, ನೋಡಿ, ನಮ್ಮ 197 ಕೋಟಿ ಸರಿಯಾಗಿ ಹೊಂದುತ್ತದೆ ಎಂದು ಸಾರಿದ್ದರೆ? ಅಳತೆಗಳು ಸುಧಾರಿಸಿದವು. ಇಂದಿನ ಲೆಕ್ಕ 1,380 ಕೋಟಿ. ವಿಜ್ಞಾನ ತನ್ನ ಸಂಖ್ಯೆಯನ್ನು ನಾಚಿಕೆಯಿಲ್ಲದೆ ಬದಲಿಸುತ್ತದೆ, ಅದರ ಕೆಲಸವೇ ಅದು. ಶ್ರುತಿ, ಸ್ಮೃತಿಗಳನ್ನು ಆ ಸಂಖ್ಯೆಗೆ ಕಟ್ಟಿಹಾಕಿದವರು ಆಗ ಏನು ಮಾಡುತ್ತಾರೆ? ಹೊಸ ಅರ್ಥ ಹುಡುಕುತ್ತಾರೆ. ಹೀಗೆ ಇಪ್ಪತ್ತು ವರ್ಷಕ್ಕೊಮ್ಮೆ ಅರ್ಥ ಬದಲಾಯಿಸಿಕೊಳ್ಳಬೇಕಾದ ಗತಿಯನ್ನು ನಾವು ಪೂಜಿಸುವ ಗ್ರಂಥಕ್ಕೆ ತರುವುದು ಸರಿಯೇ?

ದಶಾವತಾರದ ವಿಷಯದಲ್ಲಿ ಒಂದೇ ಮಾತು. ಮೀನು, ಆಮೆ, ಹಂದಿ, ನರಸಿಂಹ ಎಂಬ ಸಾಲು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಮ್ಮ ಜೊತೆಗಿದೆ. ದೇವಾಲಯದ ಗೋಡೆಗಳ ಮೇಲಿದೆ, ಯಕ್ಷಗಾನದಲ್ಲಿದೆ. ಎಷ್ಟೊಂದು ಆಚಾರ್ಯರು ವ್ಯಾಖ್ಯಾನ ಬರೆದರು. ಅದರಲ್ಲಿ ಜೀವವಿಕಾಸವನ್ನು ಕಂಡವರು ಬಂದದ್ದು ಡಾರ್ವಿನ್ ಪುಸ್ತಕ 1859ರಲ್ಲಿ ಅಚ್ಚಾದ ಮೇಲೆ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದುಹಾಕಿತು. ವಿಕಾಸ ನಮ್ಮ ಪುರಾಣದಲ್ಲೇ ಇದೆ ಎಂದು ಹೆಮ್ಮೆಪಡುವವರಲ್ಲಿ ಒಬ್ಬರಾದರೂ ಆ ಪಾಠ ಉಳಿಸಿ ಎಂದು ಕೇಳಿದ್ದನ್ನು ನಾನು ನೋಡಲಿಲ್ಲ.

ಹಾಗಾದರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಹೊಂದಾಣಿಕೆಯೇ ಇಲ್ಲವೇ? ಇದೆ ಎಂದೇ ನನ್ನ ನಂಬಿಕೆ. ಆ ದಾರಿಯನ್ನು ತೋರಿಸಿದವರು ನಮ್ಮ ಪರಂಪರೆಯಲ್ಲೇ ಇದ್ದಾರೆ. ಅವರನ್ನು ನಾವು ಮರೆತಿದ್ದೇವೆ ಎಂಬುದೇ ನನಗೆ ಹೆಚ್ಚು ನೋವಿನ ಸಂಗತಿ.

ಗ್ರಹಣದ ಕಥೆಯನ್ನೇ ನೋಡಿ. ಋಗ್ವೇದದ ಐದನೇ ಮಂಡಲದಲ್ಲಿ ಸ್ವರ್ಭಾನು ಎಂಬ ಅಸುರ ಸೂರ್ಯನನ್ನು ಕತ್ತಲೆಯಿಂದ ಹೊಡೆಯುತ್ತಾನೆ, ಅತ್ರಿ ಋಷಿಗಳು ಸೂರ್ಯನನ್ನು ಮತ್ತೆ ಹುಡುಕಿ ಕೊಡುತ್ತಾರೆ. ನಡುಹಗಲಲ್ಲಿ ಕತ್ತಲೆ ಕವಿದಾಗ ಮನುಷ್ಯರಿಗೆ ಆಗುವ ದಿಗಿಲು ಆ ಸೂಕ್ತದಲ್ಲಿ ಇಂದಿಗೂ ಜೀವಂತವಾಗಿದೆ. ಪುರಾಣಗಳಲ್ಲಿ ಇದೇ ರಾಹುವಿನ ಕಥೆಯಾಯಿತು. ಆಮೇಲೆ 499ರಲ್ಲಿ, ಇಪ್ಪತ್ಮೂರು ವರ್ಷದ ಆರ್ಯಭಟ ಬರೆದರು: ಚಂದ್ರ ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ದೊಡ್ಡ ನೆರಳು ಚಂದ್ರನನ್ನು ಮರೆಮಾಡುತ್ತದೆ. ಕಥೆ ಒಂದು ಕಡೆ, ಕಾರಣ ಇನ್ನೊಂದು ಕಡೆ. ವರಾಹಮಿಹಿರರೂ ಗ್ರಹಣಕ್ಕೆ ರಾಹು ಕಾರಣವಲ್ಲ ಎಂದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. 628ರಲ್ಲಿ ಬ್ರಹ್ಮಗುಪ್ತರು, ರಾಹುವನ್ನು ತಳ್ಳಿಹಾಕುವುದು ವೇದ-ಸ್ಮೃತಿಗಳಿಗೆ ವಿರುದ್ಧ ಎಂದು ಇವರನ್ನು ಟೀಕಿಸಿದರು. ಆದರೆ ಗ್ರಹಣದ ಹೊತ್ತು ಲೆಕ್ಕ ಹಾಕುವಾಗ ಅವರೂ ಬಳಸಿದ್ದು ನೆರಳಿನ ಗಣಿತವನ್ನೇ. ನಮ್ಮ ವಿಜಯಪುರದವರು ಎಂದು ನಾವು ಹೆಮ್ಮೆಪಡುವ ಭಾಸ್ಕರಾಚಾರ್ಯರು 1150ರಲ್ಲಿ ಒಂದು ಸಂಧಾನ ಹುಡುಕಿದರು. ಬ್ರಹ್ಮನ ವರದಿಂದ ರಾಹು ಆ ನೆರಳಿನೊಳಗೆ ಸೇರಿಕೊಳ್ಳುತ್ತಾನೆ, ಹಾಗಾಗಿ ಎರಡೂ ಸರಿ ಎಂದರು. ಆದರೆ ಅದೇ ಭಾಸ್ಕರರು ಭೂಮಿ ಗುಂಡಗಿದೆ ಎಂದು ತರ್ಕದಿಂದ ತೋರಿಸಿದರು. ಭೂಮಿಯನ್ನು ಯಾರೋ ಹೊತ್ತಿದ್ದಾರೆ ಎಂದರೆ ಹೊತ್ತವರನ್ನು ಯಾರು ಹೊತ್ತಿದ್ದಾರೆ ಎಂದು ಕೇಳಿದರು. ಪುರಾಣದ ಚಪ್ಪಟೆ ಭೂಮಂಡಲ, ಸೂರ್ಯನಿಗಿಂತ ಲಕ್ಷ ಯೋಜನ ಮೇಲಿರುವ ಚಂದ್ರ, ಇವನ್ನು ಸಿದ್ಧಾಂತಿಗಳು (ಗ್ರಹಗಣಿತದ ಗ್ರಂಥ ಬರೆದವರು) ತಮ್ಮ ಗಣಿತದೊಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಂತ ಅವರು ಪುರಾಣವನ್ನು ಬಿಟ್ಟವರೂ ಅಲ್ಲ. ದಿನಾ ಸಂಧ್ಯಾವಂದನೆ ಮಾಡಿದವರೇ.

ನನಗೆ ತುಂಬಾ ಇಷ್ಟವಾದವರು ಕೇರಳದ ಪರಮೇಶ್ವರರು ಮತ್ತು ನೀಲಕಂಠ ಸೋಮಯಾಜಿಗಳು. ಪರಮೇಶ್ವರರು 55 ವರ್ಷ ಗ್ರಹಣಗಳನ್ನೂ ಗ್ರಹಗಳನ್ನೂ ನೋಡಿ ಬರೆದಿಟ್ಟರು. ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲ ಎಂದು ಕಂಡಾಗ, 1431ರಲ್ಲಿ ದೃಗ್ಗಣಿತ ಎಂಬ ಹೊಸ ಪದ್ಧತಿ ಕೊಟ್ಟರು. ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಹೊಂದಬೇಕು ಎಂಬುದು ಅದರ ತಿರುಳು. ಸೋಮಯಾಗ ಮಾಡಿದ ನೀಲಕಂಠರು, ಜ್ಯೋತಿಷ ಸಿದ್ಧಾಂತಗಳನ್ನು ಕಾಲಕಾಲಕ್ಕೆ ಆಕಾಶ ನೋಡಿ ತಿದ್ದಲೇಬೇಕು ಎಂದು ಒಂದು ಪುಸ್ತಕವನ್ನೇ ಬರೆದರು. ಯಜ್ಞ ಮಾಡುವ ಕೈ, ಲೆಕ್ಕ ತಿದ್ದುವ ಕೈ ಎರಡೂ ಒಂದೇ ಮನುಷ್ಯನದ್ದು. ಇದಕ್ಕಿಂತ ದೊಡ್ಡ ಹೊಂದಾಣಿಕೆ ಬೇಕೇ?

ಇನ್ನು ಆಚಾರ್ಯರ ಮಾತು. ನಿಮ್ಮಲ್ಲಿ ಅನೇಕರು ಶಂಕರರ ಪರಂಪರೆಯವರು. ಗೀತೆಯ ಹದಿನೆಂಟನೇ ಅಧ್ಯಾಯದ 66ನೇ ಶ್ಲೋಕದ ಭಾಷ್ಯವನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಬೆಂಕಿ ತಣ್ಣಗಿದೆ, ಬೆಳಕಿಲ್ಲದ್ದು ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗುವುದಿಲ್ಲ ಎಂದು ಅವರು ಅಲ್ಲಿ ಬರೆದಿದ್ದಾರೆ. ಕಣ್ಣಿಗೆ ಕಾಣದ ವಿಷಯದಲ್ಲಿ ಶ್ರುತಿ ಪ್ರಮಾಣ, ಕಣ್ಣಿಗೆ ಕಾಣುವ ವಿಷಯದಲ್ಲಿ ಅಲ್ಲ. ಶ್ರುತಿ ಹಾಗೆ ಹೇಳಿದಂತೆ ಕಂಡರೆ ಅದಕ್ಕೆ ಬೇರೆ ಅರ್ಥ ಇರಬೇಕೆಂದು ಊಹಿಸಿ ಎಂದೂ ಅವರು ಹೇಳುತ್ತಾರೆ. ನಾವೂ ಅದನ್ನೇ ಅಲ್ಲವೇ ಮಾಡುತ್ತಿರುವುದು ಎಂದು ನೀವು ಕೇಳಬಹುದು. ಅಲ್ಲ. ಬೆಂಕಿಯ ಬಿಸಿಯನ್ನು ವೇದ ಮೊದಲೇ ಕಂಡುಹಿಡಿದಿತ್ತು ಎಂದು ಶಂಕರರು ಎಲ್ಲೂ ಹೇಳಲಿಲ್ಲ. ಲೋಕವನ್ನು ನೋಡಿ ತಿಳಿಯುವ ಕೆಲಸವನ್ನು ಅವರು ಕಣ್ಣಿಗೇ ಬಿಟ್ಟರು. ನಾವು ಮಾಡುತ್ತಿರುವುದು ಅದರ ತದ್ವಿರುದ್ಧ.

ಉಡುಪಿಯ ಮಧ್ವಾಚಾರ್ಯರು ಶಂಕರರ ಎಷ್ಟೋ ಮಾತುಗಳನ್ನು ಖಂಡಿಸಿದವರು. ಆದರೆ ಪ್ರತ್ಯಕ್ಷಕ್ಕೆ ಅವರು ಕೊಟ್ಟ ಸ್ಥಾನ ಇನ್ನೂ ಗಟ್ಟಿ. ಶಾಸ್ತ್ರವೇ ಪ್ರತ್ಯಕ್ಷವನ್ನು ಆಧರಿಸಿ ನಿಂತಿರುವ ಕಡೆ, ಆ ಪ್ರತ್ಯಕ್ಷವನ್ನೇ ಸುಳ್ಳು ಮಾಡುವ ಅರ್ಥವನ್ನು ಶಾಸ್ತ್ರಕ್ಕೆ ಹೇಳಬಾರದು ಎಂಬುದು ಅವರ ವಾದ. ಶರಣರ ಪರಂಪರೆಯ ಮಠಗಳಿಗಂತೂ ಇದನ್ನು ವಿವರಿಸುವುದೇ ಬೇಡ. ವೇದ, ಆಗಮಗಳನ್ನೇ ಎದುರಿಗಿಟ್ಟುಕೊಂಡು ಪ್ರಶ್ನೆ ಕೇಳಿದವರು ಹನ್ನೆರಡನೇ ಶತಮಾನದ ವಚನಕಾರರು. ಅವರ ಹೆಸರಿನ ಶಾಲೆಯಲ್ಲಿ ಒಬ್ಬ ಹುಡುಗಿ ಯಾವ ಮಂತ್ರ ಎಂದು ಕೇಳಿದರೆ ಶ್ರದ್ಧೆ ಇಲ್ಲ ಎನ್ನಬಹುದೇ?

ನೀವು ಒಂದು ಆಕ್ಷೇಪ ಎತ್ತಬಹುದು. ಬ್ರಿಟಿಷರು ನಮ್ಮ ಜ್ಞಾನವನ್ನು ಕೀಳಾಗಿ ಕಂಡರು, ಮಕ್ಕಳಲ್ಲಿ ಸ್ವಾಭಿಮಾನ ಬೆಳೆಸಲು ಇದೆಲ್ಲ ಬೇಕು ಎಂದು. ಕೀಳಾಗಿ ಕಂಡದ್ದು ನಿಜ, ಆ ನೋವು ನನಗೂ ಇದೆ. ಆದರೆ ಸ್ವಾಭಿಮಾನಕ್ಕೆ ಬೇಕಾದದ್ದು ನಮ್ಮಲ್ಲಿ ಸತ್ಯವಾಗಿಯೇ ಇದೆ. ಯಜ್ಞವೇದಿಕೆ ಕಟ್ಟಲು ಬರೆದ ಬೌಧಾಯನ ಶುಲ್ಬಸೂತ್ರದಲ್ಲಿ, ಪೈಥಾಗೊರಸ್ ಹೆಸರಿನಲ್ಲಿ ನಾವು ಕಲಿಸುವ ಕರ್ಣದ ನಿಯಮ ಇದೆ. ಸಂಗಮಗ್ರಾಮದ ಮಾಧವರು ಯುರೋಪಿಗಿಂತ ಎರಡೂವರೆ ಶತಮಾನ ಮೊದಲೇ ಪೈ ಬೆಲೆಗೆ ಅನಂತ ಶ್ರೇಣಿ ಕೊಟ್ಟರು. ಇವನ್ನು ಜಗತ್ತಿನ ಯಾವ ಗಣಿತ ಇತಿಹಾಸಕಾರರೂ ಅಲ್ಲಗಳೆಯುವುದಿಲ್ಲ. ಹಾರದ ವಿಮಾನವನ್ನು ಇವುಗಳ ಪಕ್ಕದಲ್ಲಿ ನಿಲ್ಲಿಸಿದರೆ ಕೇಳುವವರು ಇವನ್ನೂ ಅನುಮಾನಿಸುತ್ತಾರೆ. ಖೋಟಾ ನೋಟು ಚಲಾವಣೆಯಾದ ಸಂತೆಯಲ್ಲಿ ಒಳ್ಳೆಯ ನೋಟನ್ನೂ ತಿರುಗಿಸಿ ತಿರುಗಿಸಿ ನೋಡುತ್ತಾರಲ್ಲ, ಹಾಗೆ.

ಈ ಗೀಳು ನಮ್ಮವರಿಗೆ ಮಾತ್ರ ಇಲ್ಲ. ಕುರಾನಿನಲ್ಲಿ ಭ್ರೂಣಶಾಸ್ತ್ರ ಇದೆ, ಬೈಬಲಿನ ಆರು ದಿನಗಳೇ ಭೂವಿಜ್ಞಾನದ ಯುಗಗಳು ಎಂದು ವಾದಿಸುವವರೂ ಬಹಳ ಮಂದಿ. ಭೂಮಿ ಸುತ್ತುತ್ತದೆ ಎಂದ ಗೆಲಿಲಿಯೋಗೆ 1633ರಲ್ಲಿ ಚರ್ಚು ಶಿಕ್ಷೆ ಕೊಟ್ಟಿತು. ಅದು ತಪ್ಪಾಯಿತೆಂದು ಪೋಪ್ ಒಪ್ಪಿಕೊಂಡದ್ದು 1992ರಲ್ಲಿ. ಆರ್ಯಭಟರೂ ಭೂಮಿ ತಿರುಗುತ್ತದೆ ಎಂದಿದ್ದರು. ಅವರನ್ನು ನಮ್ಮವರು ವಾದದಲ್ಲಿ ಎದುರಿಸಿದರು, ಜೈಲಿಗೆ ಹಾಕಲಿಲ್ಲ. ನಾವು ಕಾಪಾಡಿಕೊಳ್ಳಬೇಕಾದ ಪರಂಪರೆ ಇದು.

ಇದರಿಂದ ಯಾರಿಗೆ ಏನು ನಷ್ಟ, ಸುಮ್ನೆ ಬಿಡಬಾರದೇ ಎಂದು ಸಹೋದ್ಯೋಗಿಗಳೂ ಕೇಳಿದ್ದಾರೆ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾಯಿತು. ಮಂಗಳೂರಿನಲ್ಲಿ, ಕೊಡಗಿನಲ್ಲಿ ಸೂರ್ಯ ಬಳೆಯಂತೆ ಕಂಡ. ಅದೇ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆ ಎಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಪತ್ರಿಕೆಯಲ್ಲಿ ಬಂದ ಆ ಫೋಟೋ ನೋಡಿದವರಿಗೆ ಮರೆಯಲು ಆಗುವುದಿಲ್ಲ. ಆ ತಂದೆ ತಾಯಂದಿರನ್ನು ನಾನು ದೂರುವುದಿಲ್ಲ. ಅವರಿಗೆ ಮಕ್ಕಳ ಮೇಲೆ ಪ್ರೀತಿ ಇತ್ತು, ವೈದ್ಯರ ದಾರಿ ಮುಗಿಯಿತು ಎನ್ನಿಸಿರಬೇಕು. ಆ ನಂಬಿಕೆ ಯಾವ ವೇದದಿಂದಲೂ ಬಂದದ್ದಲ್ಲ. ಆದರೆ ಹಳೆಯದೆಲ್ಲದರ ಹಿಂದೆ ವಿಜ್ಞಾನ ಇದೆ ಎಂದು ದೊಡ್ಡ ವೇದಿಕೆಯ ಮೇಲಿಂದ ನಾವು ದಿನಾ ಹೇಳುತ್ತಿದ್ದರೆ, ಹಳ್ಳಿಯ ಅಮ್ಮ ಯಾವುದಕ್ಕೆ ಇಲ್ಲ ಎಂದು ಹೇಗೆ ತೀರ್ಮಾನಿಸುತ್ತಾಳೆ? ಪರೀಕ್ಷಿಸಿ ನೋಡುವ ಅಭ್ಯಾಸವನ್ನು ನಾವು ಅವಳಿಗೆ ಕಲಿಸಲಿಲ್ಲ.

ಸಂವಿಧಾನದ 51ಎ ವಿಧಿ ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುತ್ತದೆ. ಶಾಲೆಗೆ ಅನುದಾನ, ಮಾನ್ಯತೆ ಪಡೆಯುವ ಸಂಸ್ಥೆಗಳಿಗೆ ಆ ಕರ್ತವ್ಯ ಒಂದಿಷ್ಟು ಜಾಸ್ತಿಯೇ ಇದೆ.

ಆದ್ದರಿಂದ ನನ್ನ ಕೋರಿಕೆಗಳು. ನಿಮ್ಮ ಶಾಲೆಯ ವೇದಿಕೆಗೆ ಬರುವ ಭಾಷಣಕಾರರಿಗೆ ಒಂದು ನಿಯಮ ಮಾಡಿ. ಶಾಸ್ತ್ರದಲ್ಲಿ ಇಂಥ ವೈಜ್ಞಾನಿಕ ವಿಷಯ ಇದೆ ಎಂದು ಹೇಳಿದರೆ ಯಾವ ಗ್ರಂಥ, ಯಾವ ಅಧ್ಯಾಯ, ಯಾವ ಶ್ಲೋಕ, ಯಾರ ವ್ಯಾಖ್ಯಾನ ಎಂದೂ ಹೇಳಬೇಕು. ಮಾತಿನ ಕೊನೆಗೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಸಮಯ ಇಡಬೇಕು. ಉತ್ತರ ಗೊತ್ತಿಲ್ಲದಿದ್ದರೆ ಹುಡುಕಿ ಹೇಳುತ್ತೇನೆ ಎಂದರೆ ಸಾಕು, ಯಾರ ಗೌರವವೂ ಕಡಿಮೆಯಾಗುವುದಿಲ್ಲ. ವಿಜ್ಞಾನ ದಿನದ ವೇದಿಕೆಯನ್ನು ವಿಜ್ಞಾನಕ್ಕೇ ಬಿಡಿ. ಪ್ರವಚನಕ್ಕೆ ವರ್ಷದಲ್ಲಿ ಬೇಕಾದಷ್ಟು ದಿನಗಳಿವೆ.

ನಿಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ಆರ್ಯಭಟ, ಭಾಸ್ಕರ, ಪರಮೇಶ್ವರ, ನೀಲಕಂಠರನ್ನು ಓದಿಸಿ. ನಮ್ಮ ವಿಜ್ಞಾನ ಶಿಕ್ಷಕರಿಗೆ ಸಂಸ್ಕೃತ ಬರುವುದಿಲ್ಲ, ನಿಮ್ಮ ವಿದ್ವಾಂಸರಿಗೆ ತ್ರಿಕೋನಮಿತಿ ಬರುವುದಿಲ್ಲ. ಇಬ್ಬರನ್ನೂ ರಜೆಯಲ್ಲಿ ಒಂದು ವಾರ ಒಟ್ಟಿಗೆ ಕೂರಿಸಿ ಒಂದು ಅಧ್ಯಾಯ ಓದಿಸಿದರೆ ಅದರಿಂದ ಬರುವ ಪಾಠವನ್ನು ನಾವು ಸಂತೋಷದಿಂದ ತರಗತಿಗೆ ತೆಗೆದುಕೊಂಡು ಹೋಗುತ್ತೇವೆ. ನಾಸದೀಯ ಸೂಕ್ತವನ್ನೂ ಓದಿಸಿ. ಈ ಸೃಷ್ಟಿ ಎಲ್ಲಿಂದ ಬಂತು, ಮೇಲಿರುವ ಅಧ್ಯಕ್ಷನಿಗೆ ಗೊತ್ತಿರಬಹುದು, ಅವನಿಗೂ ಗೊತ್ತಿಲ್ಲದಿರಬಹುದು ಎಂದು ಕೇಳುವ ಧೈರ್ಯ ಇರುವ ಸೂಕ್ತ ಅದು.

ಕೊನೆಯದಾಗಿ ಗ್ರಹಣ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಜಾನ್ ಹರ್ಷೆಲ್ ನಮ್ಮ ಜಮಖಂಡಿಗೆ ಬಂದಿದ್ದರು, ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿದ್ದರು. ಹೀಲಿಯಂ ಎಂಬ ಮೂಲವಸ್ತುವಿನ ಕಥೆ ಶುರುವಾಗುವುದು ಆ ದಿನದಿಂದ. 1980ರ ಫೆಬ್ರವರಿ 16ರಂದು ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದಾಗ ನಮ್ಮ ಬಹುತೇಕ ಜನ ಬಾಗಿಲು ಹಾಕಿಕೊಂಡು ಒಳಗಿದ್ದರು. 2027ರ ಆಗಸ್ಟ್ 2ರ ಸಂಜೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಕಾಣುತ್ತದೆ. 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾದುಹೋಗುತ್ತದೆ, ನಮಗೂ ಸೂರ್ಯನ ಬಹುಭಾಗ ಮುಚ್ಚಿದ್ದು ಕಾಣುತ್ತದೆ. ಆ ದಿನಗಳಲ್ಲಿ ದೇವಸ್ಥಾನದಲ್ಲಿ ನಿಮ್ಮ ಪದ್ಧತಿಯಂತೆ ಜಪ, ಶಾಂತಿ ನಡೆಯಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಶಾಲೆಗಳ ಮೈದಾನದ ಬೀಗ ತೆಗೆಸಿ. ಮಕ್ಕಳಿಗೆ ಸರಿಯಾದ ಗ್ರಹಣ ಕನ್ನಡಕ ಕೊಡಿಸಿ. ಪಂಚಾಂಗದಲ್ಲಿ ಬರೆದ ಸ್ಪರ್ಶಕಾಲಕ್ಕೂ ಕಣ್ಣಿಗೆ ಕಂಡದ್ದಕ್ಕೂ ಎಷ್ಟು ಸೆಕೆಂಡ್ ವ್ಯತ್ಯಾಸ ಬಂತು ಎಂದು ಅವರೇ ಬರೆದಿಡಲಿ. ಸಾಧ್ಯವಾದರೆ ನೀವೂ ಬಂದು ಅವರ ಜೊತೆ ನಿಂತು ನೋಡಿ.

2027ಕ್ಕೆ ಹೆಚ್ಚು ಸಮಯವಿಲ್ಲ. ಕನ್ನಡಕ ತರಿಸುವ, ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸ ಈಗಲೇ ಶುರುವಾಗಬೇಕು. ನನ್ನಂಥ ಶಿಕ್ಷಕರು ಅದಕ್ಕೆ ಸಿದ್ಧರಿದ್ದೇವೆ. ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿದ್ದೇವೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ